ಗುಡ್ಡದ ಏರಿನಲ್ಲಿ ನಿಂತ ಜೀಪು

ಹೊಳೆ ಗುಡ್ಡವನ್ನು ಬಳಸಿ ಹರಿಯುವ ಕಡೆ ಒಂದು ಆಶ್ರಮವಿತ್ತು. ಕೆಲವು ಗುಡಿಸಲು, ಒಂದು ಬೇವಿನ ಮರ, ಮರದ ನೆರಳಿನಲ್ಲಿ ಒಂದು ಹಳೆಯ ಜೀಪು.

ಅಲ್ಲಿದ್ದ ಗುರುಗಳನ್ನು ಸುತ್ತಲಿನ ಊರುಗಳಲ್ಲಿ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರಿಗೆ ಬೇರೊಂದು ಹೆಸರಿತ್ತು. ಅದನ್ನು ಅವರೇ ಮರೆತಂತಿತ್ತು.

ಜೀಪು ಓಡಿಸುವವನು ಶಿಷ್ಯ ಮಾಳಪ್ಪ. ಕುರಿಗಾರರ ಮನೆಯಲ್ಲಿ ಹುಟ್ಟಿದವನು. ಹರೆಯದಲ್ಲಿ ಆಶ್ರಮ ಸೇರಿದವನಿಗೆ ಈಗ ಗಡ್ಡದಲ್ಲಿ ಬಿಳಿಗೂದಲು ಮೂಡಿತ್ತು.

ದೀಪಾವಳಿ ಕಳೆದು ಬಿಸಿಲು ಮೆತ್ತಗಾಗಿದ್ದ ಕಾಲ. ಒಂದು ಮಧ್ಯಾಹ್ನ ಮಾಳಪ್ಪ ಗುರುಗಳ ಮುಂದೆ ಬಂದು ನಿಂತ. 

"ಏನಪಾ?" ಎಂದರು ಅಜ್ಜಾರು.

"ಅಣ್ಣ ಹೇಳಿ ಕಳಿಸ್ಯಾನ್ರಿ."

"ಏನಂತ?"

"ಇವತ್ತ ಸಂಜೀಕ ಗುಡ್ಡದ ಆಚೀಕ ಕುರಿ ಹೊಳಿ ದಾಟತಾವಂತ. ಬರೂದಿದ್ರ ಹೊತ್ತ ಮುಳುಗೂದ್ರೊಳಗ ಬಾ ಅಂದಾನ."

ಹೊಳೆ ದಾಟಿದ ಹಿಂಡು ಮುಂದಿನ ಮಳೆಗಾಲದ ತನಕ ಈ ಸೀಮೆಗೆ ಮರಳುವುದಿಲ್ಲ. ಅದು ಅಜ್ಜಾರಿಗೆ ಗೊತ್ತಿತ್ತು. ಅಣ್ಣ ತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷವಾಯಿತೆಂಬುದೂ ಗೊತ್ತಿತ್ತು. ಹಿಂಡು ದಾಟುವ ದಿನ ಬಂದರೆ ಮಾಳಪ್ಪ ನೀರಿಗೂ ಹೊಳೆಗೆ ಹೋಗುತ್ತಿರಲಿಲ್ಲ. ಅಣ್ಣ ತಾನಾಗಿ ಹೇಳಿ ಕಳಿಸಿದ್ದು ಇದೇ ಮೊದಲು.

"ಹಂಗಾದ್ರ ಹೋಗಿ ಬಾ."

"ನೀವೂ ಬರ್ರಿ, ಅಜ್ಜಾರ."

"ನಾ ಯಾಕೋ?"

"ನಿಮ್ಮನ್ನ ಕಂಡ್ರ ಅವ ಸಿಟ್ಟ ಮಾಡೂದಿಲ್ರಿ. ನೀವ ಮುಂದ ನಿಂತು ಒಂದ ಮಾತ ಹೇಳಿದ್ರ ಎಲ್ಲಾ ಮುಗೀತೈತಿ."

 ಅಜ್ಜಾರು ಹೆಗಲಿಗೆ ಶಲ್ಯ ಹಾಕಿಕೊಂಡು ಎದ್ದರು.

"ಕುರಿ ನೀರಿಗಿಳಿಯೂದು ನೋಡಿ ಭಾಳ ದಿನಾ ಆತು. ನಡಿ."

ಮಾಳಪ್ಪ ರೊಟ್ಟಿಯ ಗಂಟು ಕಟ್ಟಿಕೊಂಡ. ಒಂದು ಕ್ಯಾನಿನಲ್ಲಿ ನೀರು ತುಂಬಿಕೊಂಡ. ಜೀಪಿನ ಮುಂದೆ ಹೋಗಿ ಕೈ ಮುಗಿದ.

ಜೀಪಿನ ಮುಂಭಾಗಕ್ಕೆ ಅವನು ಅಜ್ಜಾರ ದೊಡ್ಡದೊಂದು ಚಿತ್ರ ಕಟ್ಟಿದ್ದ. ಹಿಂದಿನ ವಾರ ಊರಿನವರು ಪುರಾಣ ಮುಗಿದ ದಿನ ಚಪ್ಪರಕ್ಕೆ ಹಾಕಿದ್ದ ಫ್ಲೆಕ್ಸ್ ಅದು. ಕೆಳಗೆ ಬಿದ್ದು ಜನರ ಕಾಲಿಗೆ ಸಿಗಬಾರದೆಂದು ತಂದು, ತಂತಿ ಸುತ್ತಿ ಬಿಗಿಯಾಗಿ ಕಟ್ಟಿದ್ದ. ಮೇಲೊಂದು ಚೆಂಡುಹೂವಿನ ದಪ್ಪ ಮಾಲೆ. ದಿನಾ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚುತ್ತಿದ್ದ.

ಅಜ್ಜಾರು ಪಕ್ಕದಿಂದ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಜೀಪು ಹೊರಟಿತು.

*

ಹೊಳೆಯ ದಂಡೆಯ ದಾರಿ ಸಮತಟ್ಟು. ಜೀಪು ಹಾಡಿಕೊಂಡಂತೆ ಹೋಯಿತು. ಎರಡೂ ಬದಿಗೆ ಒಣಗುತ್ತಿದ್ದ ಹುಲ್ಲು ಬಿಸಿಲಿನಲ್ಲಿ ಬೆಳ್ಳಗೆ ಅಲೆಯುತ್ತಿತ್ತು. ಅಜ್ಜಾರಿಗೆ ಜೋಂಪು ಹತ್ತಿತು.

ಗುಡ್ಡದ ಏರು ಶುರುವಾಯಿತು.

ಮೊದಲ ತಿರುವಿನಲ್ಲಿ ಜೀಪಿನ ದನಿ ಭಾರವಾಯಿತು. ಎರಡನೆಯದರಲ್ಲಿ ಬಿಸಿ ತೋರಿಸುವ ಮುಳ್ಳು ನಡುವನ್ನು ದಾಟಿತು. ಮಾಳಪ್ಪ ಅದನ್ನು ನೋಡಿದ. ನೋಡಿ, ಸೂರ್ಯನನ್ನೂ ನೋಡಿದ. ಕಾಲನ್ನು ಇನ್ನಷ್ಟು ಒತ್ತಿದ.

ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಸುಟ್ಟ ರಬ್ಬರಿನ ವಾಸನೆ ಒಳಗೆ ಬಂತು.

ಅಜ್ಜಾರು ಕಣ್ಣು ತೆರೆದರು.

"ಮೋಡದಾಗ ಬಂದ್ವೇನೋ, ಮಾಳಪ್ಪ?"

"ಮೋಡ ಅಲ್ರಿ ಅಜ್ಜಾರ, ಇಂಜಿನ್ ಬಿಸಿ ಆಗೈತಿ."

ಜೀಪನ್ನು ಬದಿಗೆ ನಿಲ್ಲಿಸಿದ. ಇಳಿದು ಮುಂದೆ ಬಂದ. ಚಿತ್ರಕ್ಕೆ ಕೈ ಮುಗಿದು ಬಾನೆಟ್ಟು ಎತ್ತಿದ. ಹಬೆ ಮುಖಕ್ಕೆ ಹೊಡೆಯಿತು. ಹೆಗಲ ಮೇಲಿನ ವಸ್ತ್ರವನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

ಅವನ ಮಣಿಕಟ್ಟನ್ನು ಯಾರೋ ಹಿಡಿದರು. ಅಜ್ಜಾರು ಯಾವಾಗ ಇಳಿದು ಬಂದರೋ ಗೊತ್ತಾಗಿರಲಿಲ್ಲ.

"ಈಗ ತಗದ್ರ ಏನಾಕ್ಕೈತಿ?"

"ಕುದಿಯೂ ನೀರು ಮಾರಿಗೆ ಹಾರತೈತ್ರಿ."

"ಗೊತ್ತೈತೇನು ನಿನಗ?"

"ಗೊತ್ತೈತ್ರಿ."

"ಗೊತ್ತಿದ್ದೂ?"

"ತಡಾ ಆಕ್ಕೈತಲ್ರಿ ಅಜ್ಜಾರ."

"ತಡಾ ಆಗಿದ್ದು ಇವತ್ತೇನು?"

ಮಾಳಪ್ಪ ಕೈ ಹಿಂದಕ್ಕೆ ತೆಗೆದುಕೊಂಡ.

ಇಬ್ಬರೂ ಕಲ್ಲಿನ ಮೇಲೆ ಕೂತರು. ಇಂಜಿನ್ನು ಟಿಕ್ ಟಿಕ್ ಎಂದು ಸದ್ದು ಮಾಡುತ್ತ ತಣಿಯತೊಡಗಿತು. ಕೆಳಗೆ ಹೊಳೆ ಯಾರೋ ಮರೆತು ಬಿಟ್ಟುಹೋದ ರುಮಾಲಿನ ಹಾಗೆ ಬಿದ್ದುಕೊಂಡಿತ್ತು. ಅದು ಹರಿಯುತ್ತಿದೆಯೋ ಇಲ್ಲವೋ ಇಷ್ಟು ಮೇಲಿನಿಂದ ಹೇಳುವುದಕ್ಕಾಗುತ್ತಿರಲಿಲ್ಲ.

ಮೇಲಿನಿಂದ ಒಂದು ಲಾರಿ ಇಳಿದು ಬಂತು. ಕಿಟಕಿಯಿಂದ ಡ್ರೈವರು ತಲೆ ಹೊರಗೆ ಹಾಕಿದ.

"ಏನೋ ಅಣ್ಣಾ, ಅಜ್ಜಾರಿಗೆ ಚಾ ಕಾಸಾಕತ್ತೀಯೇನು?"

ಮಾಳಪ್ಪನಿಗೆ ಸಿಟ್ಟು ಬಂತು. ಅಜ್ಜಾರು ನಕ್ಕರು.

"ಸಕ್ರಿ ಇಲ್ಲಪಾ," ಎಂದರು, "ಇದ್ರ ಕೊಟ್ಟ ಹೋಗು."

ಲಾರಿ ನಗುತ್ತ ತಿರುವಿನಲ್ಲಿ ಮರೆಯಾಯಿತು.

*

ಹಬೆ ನಿಂತ ಮೇಲೆ ಮಾಳಪ್ಪ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದ. ಒಳಗಿದ್ದ ಉಸಿರು ಸುಯ್ ಎಂದು ಹೋಯಿತು. ನೀರು ಕಮ್ಮಿಯಾಗಿತ್ತು. ಇಂಜಿನ್ನು ಚಾಲೂ ಮಾಡಿ ಸ್ವಲ್ಪ ಸ್ವಲ್ಪವೇ ನೀರು ಹಾಕಿದ. ಬಿಸಿ ಇಂಜಿನ್ನಿಗೆ ತಣ್ಣೀರು ಒಮ್ಮೆಲೇ ಸುರಿದರೆ ಕಬ್ಬಿಣ ಸೀಳು ಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ನೀರ ಕಮ್ಮಿ ಆಗಿತ್ರಿ. ಅಷ್ಟ."

"ಅಷ್ಟ ಏನು?"

"ಅಷ್ಟರಿ. ಇನ್ನ ತ್ರಾಸಿಲ್ಲ."

ಜೀಪು ಹೊರಟಿತು. ಒಂದು ತಿರುವು ಏರಿತು. ಇನ್ನೊಂದು ಏರಿತು. ಮುಳ್ಳು ಮತ್ತೆ ನಡುವನ್ನು ದಾಟಿತು. ಮತ್ತೆ ಕೆಂಪು ಗೆರೆ. ಮತ್ತೆ ಹಬೆ.

ಮಾಳಪ್ಪ ಜೀಪು ನಿಲ್ಲಿಸಿ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಕೂತುಬಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಇಳಿದ. ಚಿತ್ರಕ್ಕೆ ಕೈ ಮುಗಿದ. ಬಾನೆಟ್ಟು ಎತ್ತಿದ. ಈ ಸಲ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಬೆಲ್ಟನ್ನು ಒತ್ತಿ ನೋಡಿದ, ಬಿಗಿಯಾಗಿತ್ತು. ಪೈಪುಗಳ ಉದ್ದಕ್ಕೂ ಬೆರಳಾಡಿಸಿದ, ಎಲ್ಲಿಯೂ ಸೋರುತ್ತಿರಲಿಲ್ಲ. ಫ್ಯಾನಿನ ರೆಕ್ಕೆ ಅಲುಗಿಸಿ ನೋಡಿದ, ಗಟ್ಟಿಯಾಗಿತ್ತು. ಮಣ್ಣಿನ ಮೇಲೆ ಮಲಗಿ ಕೆಳಗಿನಿಂದ ನೋಡಿದ. ಎಣ್ಣೆ ಸೋರುತ್ತಿರಲಿಲ್ಲ.

ಎದ್ದವನ ಅಂಗಿಯೆಲ್ಲ ಧೂಳು.

"ಎಲ್ಲಾ ಸರಿ ಐತ್ರಿ," ಎಂದ. ಅವನ ದನಿ ಸರಿಯಿರಲಿಲ್ಲ. "ಎಲ್ಲಾ ಸರಿ ಇದ್ದು ಹಿಂಗ ಮಾಡಿದ್ರ ನಾ ಏನ ಮಾಡ್ಲಿ? ಹೊತ್ತ ನೋಡ್ರಿ, ಎಷ್ಟ ಇಳದೈತಿ."

"ಕೂಡು."

"ಅವ ದಾರಿ ನೋಡೂದಿಲ್ರಿ, ಅಜ್ಜಾರ."

"ಯಾಕ ನೋಡೂದಿಲ್ಲ?"

 ಗಾಳಿ ಹುಲ್ಲಿನ ಮೇಲೆ ಕೈಯಾಡಿಸಿ ಹೋಯಿತು. ದೂರದಲ್ಲಿ ಒಂದು ಹದ್ದು ರೆಕ್ಕೆ ಬಡಿಯದೆ ಒಂದೇ ಕಡೆ ತೇಲುತ್ತಿತ್ತು. ಮಾಳಪ್ಪ ಅದನ್ನೇ ನೋಡುತ್ತ ಹೇಳಿದ.

"ನಾ ಅವನ ದಾರಿ ನೋಡಲಿಲ್ಲಲ್ರಿ. ಅದಕ್ಕ."

*

ಅದು ಹೀಗಾಗಿತ್ತು.

ಅಣ್ಣ ಹಾಲಪ್ಪ ಹಿಂಡಿನೊಂದಿಗೆ ದೂರದ ಸೀಮೆಯಲ್ಲಿದ್ದಾಗ ಅವರ ಅವ್ವ ತೀರಿಕೊಂಡಳು. ಅಕಾಲದ ಮಳೆ. ಅಣ್ಣನಿಗೆ ಸುದ್ದಿ ಹೋಯಿತು. ಹೊರಟಿದ್ದಾನೆ ಎಂದು ತಿರುಗಿ ಸುದ್ದಿಯೂ ಬಂತು.

ಅವರ ಮನೆತನದಲ್ಲಿ ಹೆತ್ತವರಿಗೆ ಮೊದಲ ಹಿಡಿ ಮಣ್ಣು ಹಾಕಬೇಕಾದವನು ಹಿರಿಯ ಮಗ. ಬೇರೆ ಕೈ ಹಾಕುವಂತಿಲ್ಲ.

ಹೊಳೆ ಏರುತ್ತಿತ್ತು. ಬೆಳಗಾಗುವುದರೊಳಗೆ ಮಣ್ಣು ಮಾಡುವ ಜಾಗಕ್ಕೆ ಹೋಗುವ ದಾರಿ ಮುಳುಗಬಹುದಿತ್ತು. ಬೆಳಗಿನ ತನಕ ತಡೆಯೋಣ ಎಂದು ಕೆಲವರು, ತಡೆಯುವುದು ಬೇಡ ಎಂದು ಕೆಲವರು. ಕೊನೆಗೆ ಆ ಸಂಜೆಯೇ ದಂಡೆಯ ಮೇಲೆ ಕುಣಿ ತೋಡಿದರು. ಮೊದಲ ಹಿಡಿ ಮಣ್ಣು ಮಾಳಪ್ಪ ಹಾಕಿದ.

ಮಳೆಯಲ್ಲಿ ರಾತ್ರಿಯಿಡೀ ನಡೆದು ಹಾಲಪ್ಪ ಬೆಳಕು ಹರಿಯುವಾಗ ಬಂದ. ಹಸಿ ಮಣ್ಣಿನ ಗುಡ್ಡೆ ನೋಡಿದ. ತಮ್ಮನ ಕೈ ನೋಡಿದ.

"ನನ್ನ ಹಿಡಿ ಮಣ್ಣ ನೀ ಹಾಕಿದಿ," ಎಂದ. ಅಷ್ಟೇ. ಆಮೇಲೆ ಅಣ್ಣ ತಮ್ಮನ ನಡುವೆ ಮಾತಿಲ್ಲ. ಮಾಳಪ್ಪ ಆಶ್ರಮಕ್ಕೆ ಬಂದುಬಿಟ್ಟ.

"ನನ್ನ ತಪ್ಪೇನ್ರಿ ಅದರಾಗ?" ಎಂದ ಮಾಳಪ್ಪ ಈಗ, ಹುಲ್ಲಿನ ಕಡ್ಡಿ ಮುರಿಯುತ್ತ. "ಹಿರ್ಯಾರು ಹೇಳಿದ್ರು, ಹಾಕಿದ್ನಿ."

"ಹಿರ್ಯಾರು ಹೇಳಿದ್ರು."

"ಹೂನ್ರಿ."

"ಕೈ ಯಾರದು?"

ಮಾಳಪ್ಪ ಕಡ್ಡಿ ಮುರಿಯುವುದನ್ನು ನಿಲ್ಲಿಸಿದ.

 ಅಜ್ಜಾರು ಎದ್ದು ಜೀಪಿನ ಸುತ್ತ ನಡೆಯತೊಡಗಿದರು. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಅದರ ಮೈಮೇಲೆ ಕೈಯಿಟ್ಟು, ಬಗ್ಗಿ, ನಿಂತು ನೋಡಿದರು.

"ನನಗ ಗಾಡಿ ತಿಳಿಯಂಗಿಲ್ಲ," ಎಂದರು. "ಒಂದ ಕೇಳ್ತೀನಿ, ಹೇಳು. ಇದು ನೀರು ಕುಡೀತೈತಿ."

"ಹೂನ್ರಿ."

"ಎಣ್ಣಿ ಉಣ್ಣತೈತಿ."

"ಹೂನ್ರಿ."

"ಉಸಿರ ಎಲ್ಲಿಂದ ಆಡತೈತಿ?"

"ಮುಂದಿನ ಜಾಳಿಗಿಯಿಂದ್ರಿ. ಗಾಡಿ ಓಡುವಾಗ ಅಲ್ಲಿಂದ ಗಾಳಿ ಒಳಗ ಬರತೈತಿ. ಆ ಗಾಳಿ ಬಡದು ಒಳಗಿನ ನೀರ ತಣ್ಣಗಾಕ್ಕೈತಿ."

"ಎಲ್ಲೈತಿ ಆ ಜಾಳಿಗಿ? ನನಗ ಕಾಣವಲ್ದು."

"ಇಲ್ಲೇ ಐತ್ರಿ," ಎಂದು ಮಾಳಪ್ಪ ಮುಂದೆ ಬಂದು ಕೈ ತೋರಿಸಿದ.

ತೋರಿಸಿದ ಕೈ ಹಾಗೆಯೇ ನಿಂತಿತು.

ಅವನು ತೋರಿಸಿದ ಜಾಗದಲ್ಲಿ ಅಜ್ಜಾರ ಮುಖವಿತ್ತು. ಹಣೆಯ ಮೇಲೆ ಬೆಳಿಗ್ಗೆ ಅವನೇ ಹಚ್ಚಿದ ವಿಭೂತಿ. ಅದರ ಸುತ್ತ ಚೆಂಡುಹೂವಿನ ದಪ್ಪ ಮಾಲೆ, ಬಿಸಿಗೆ ಬಾಡಿ ಕಂದಿತ್ತು. ಒಂದು ಬೆರಳು ತೂರುವಷ್ಟು ಸಂದಿ ಇರಲಿಲ್ಲ.

ಎರಡು ಸಲ ಅವನು ಇದೇ ಜಾಗದಲ್ಲಿ ನಿಂತಿದ್ದ. ಕೈ ಮುಗಿದಿದ್ದ. ಬೆಲ್ಟು ನೋಡಿದ, ಪೈಪು ನೋಡಿದ, ಫ್ಯಾನು ನೋಡಿದ. ಇದನ್ನು ನೋಡಿರಲಿಲ್ಲ. ಅವನ ಕಣ್ಣಿಗೆ ಅದು ಗಾಡಿಯ ಮೇಲಿದ್ದ ವಸ್ತುವೇ ಆಗಿರಲಿಲ್ಲ.

ಅಜ್ಜಾರು ಕಣ್ಣು ಕಿರಿದು ಮಾಡಿ ಚಿತ್ರವನ್ನು ನೋಡಿದರು.

"ಇವ ಯಾರೋ?"

"ನೀವ ಅಲ್ರಿ, ಅಜ್ಜಾರ."

"ಇಲ್ಲ್ಯಾಕ ನಿಂತಾನ?"

"ನೀವು ಮುಂದ ಇದ್ರ ದಾರಿ ಸುರಳೀತ ಆಕ್ಕೈತಂತ, ನಾನ ಕಟ್ಟಿದ್ನಿ."

"ನಾ ಹಿಂದ ಕುಂತಿದ್ನಲ್ಲೋ."

ಮಾಳಪ್ಪ ತಲೆ ತಗ್ಗಿಸಿದ.

"ಬಿಚ್ಚು," ಎಂದರು ಅಜ್ಜಾರು.

"ನಾ ಹೆಂಗ ಬಿಚ್ಚಲ್ರಿ? ಪೂಜಿ ಮಾಡಿ ಕಟ್ಟಿದ್ದು. ತಾನ ಹರದ ಬೀಳೂತನಕ ಕೈ ಹಚ್ಚಬಾರದು."

"ಹಂಗಾದ್ರ ಇಲ್ಲೇ ಕೂಡೂಣು. ಬಿಸಿಲಿಗೆ ಮಳಿಗೆ ಒಂದಿಲ್ಲೊಂದ ದಿನ ಹರೀತೈತಿ."

"ಅಜ್ಜಾರ..."

"ಚಲೋ ಗಾಳಿ ಐತಿ ಇಲ್ಲಿ. ನನಗೇನು ಅವಸರಿಲ್ಲ."

ಮಾಳಪ್ಪ ಸೂರ್ಯನನ್ನು ನೋಡಿದ. ಗುರುಗಳನ್ನು ನೋಡಿದ. ಚಿತ್ರದ ಮುಂದೆ ಮಂಡಿಯೂರಿ ಕೂತ. ತಂತಿಯ ಗಂಟಿಗೆ ಕೈ ಹಚ್ಚಿದ. ಅವನು ಎಷ್ಟು ಬಿಗಿಯಾಗಿ ಕಟ್ಟಿದ್ದನೆಂಬುದು ಅವನಿಗೇ ಆಗ ತಿಳಿಯಿತು. ಒಂದು ಗಂಟು ಬಿಚ್ಚಿದರೆ ಅದರ ಕೆಳಗೆ ಇನ್ನೊಂದು. ಒಂದು ತಂತಿಯ ತುದಿ ಬೆರಳಿಗೆ ಚುಚ್ಚಿ ರಕ್ತ ಬಂತು.

ಕೊನೆಯ ಗಂಟು ಬಿಚ್ಚಿತು. ಫ್ಲೆಕ್ಸ್ ಅವನ ತೋಳಿನ ಮೇಲೆ ಒರಗಿತು.

ಅದರ ಹಿಂದೆ ಜಾಳಿಗೆ. ಗುಡ್ಡದ ಗಾಳಿ ಅದರೊಳಗೆ ತಾನಾಗಿ ಹೊಕ್ಕು ಸಣ್ಣಗೆ ಸಿಳ್ಳೆ ಹಾಕಿತು.

ಮಾಳಪ್ಪ ಚಿತ್ರವನ್ನು ಎದೆಗೊತ್ತಿಕೊಂಡು ನಿಂತ. ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ಇತ್ತ ಕೊಡು," ಎಂದರು ಅಜ್ಜಾರು.

ಫ್ಲೆಕ್ಸನ್ನು ಇಸಿದುಕೊಂಡರು. ಮಾಲೆ ಬಿಡಿಸಿ ಬದಿಯ ಗಿಡದ ಬುಡಕ್ಕೆ ಹಾಕಿದರು. ಹುಲ್ಲಿನ ಮೇಲೆ ಫ್ಲೆಕ್ಸ್ ಹಾಸಿ, ಮುಳ್ಳಿಲ್ಲವೆಂದು ಕೈಯಿಂದ ಒತ್ತಿ ನೋಡಿ, ತಮ್ಮದೇ ಮುಖದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಅಯ್ಯಯ್ಯ ಅಜ್ಜಾರ!"

"ಹಾಸಾಕ ಚಲೋ ಐತಿ. ಆ ರೊಟ್ಟಿ ತಗಿ. ಇಂಜಿನ್ ತಣ್ಣಗಾಗೂತನಕ ಉಣ್ಣೂಣು."

ಮಾಳಪ್ಪ ಹುಲ್ಲಿನ ಮೇಲೆ ಕೂತ. ಅಜ್ಜಾರು ಸರಿದು ಜಾಗ ಮಾಡಿದರು. ಅವನು ಅಲ್ಲಿಗೆ ಸರಿಯಲಿಲ್ಲ. ಅವರು ಸುಮ್ಮನೆ ಅವನ ದಾರಿ ನೋಡಿದರು. ಕೊನೆಗೆ ಅವನು ತುದಿಯಲ್ಲಿ, ಅಕ್ಷರಗಳಿದ್ದ ಕಡೆ, ಮೈ ಹಿಡಿ ಮಾಡಿಕೊಂಡು ಕೂತ.

ರೊಟ್ಟಿ ಉಂಡರು. ಪುಂಡಿಪಲ್ಯ ಹುಳಿಯಾಗಿತ್ತು. ಹೊತ್ತು ಇಳಿಯಿತು. ನೆರಳುಗಳು ಕಣಿವೆಯೊಳಗೆ ಉದ್ದುದ್ದ ಚಾಚಿಕೊಂಡು, ತಮ್ಮ ತಮ್ಮ ಗಿಡಗಳನ್ನು ಬಿಟ್ಟು ಹೊಳೆಗೆ ನೀರು ಕುಡಿಯಲು ಹೊರಟ ಹಾಗೆ ಕಂಡವು. ಮಾಳಪ್ಪನಿಗೆ ಒಂದು ಗಳಿಗೆ ತಾನು ಎಲ್ಲಿಗೆ ಹೊರಟಿದ್ದೆನೆಂಬುದೇ ಮರೆತುಹೋಯಿತು.

ಆಮೇಲೆ ನೆನಪಾಯಿತು. ಎದ್ದ.

*

ಮುಚ್ಚಳ ತಣ್ಣಗಿತ್ತು. ನೀರು ತುಂಬಿದ. ಈ ಸಲ ಕೈ ಮುಗಿಯಲು ಮುಂದೆ ಏನೂ ಇರಲಿಲ್ಲ. ಅವನು ಸುಮ್ಮನೆ ಹತ್ತಿ ಕೂತು ಚಾಲೂ ಮಾಡಿದ.

ಜೀಪು ಏರಿತು. ಒಂದು ತಿರುವು. ಮತ್ತೊಂದು. ಮುಳ್ಳು ನಡುವಿನ ಗೆರೆಗೆ ಬಂದು, ಅಲ್ಲಿಯೇ ನಿದ್ದೆ ಹೋದ ಹಾಗೆ ನಿಂತುಬಿಟ್ಟಿತು.

"ಅಜ್ಜಾರ."

"ಹೂಂ."

"ಮುಳ್ಳ ಅಲ್ಲೇ ನಿಂತೈತ್ರಿ."

"ಬಿಸಿ ಹೋತೇನು?"

"ಬಿಸಿ ಐತ್ರಿ. ಬಿಸಿ ಇಲ್ಲದ ಇಂಜಿನ್ ಓಡಂಗಿಲ್ಲ. ಬಂದದ್ದು ಹೋಗಾಕತ್ತೈತಿ, ಅಷ್ಟ."

ಅಜ್ಜಾರು ಹೂಂಗುಟ್ಟಿದರು. ಕನ್ನಡಿಯಲ್ಲಿ ನೋಡಿದರೆ ಅವರ ಕಣ್ಣು ಮುಚ್ಚಿತ್ತು.

ಗುಡ್ಡದ ನೆತ್ತಿ ತಲುಪಿದಾಗ ಸೂರ್ಯ ಮುಳುಗಿದ್ದ.

ಮಾಳಪ್ಪ ಜೀಪು ನಿಲ್ಲಿಸಿದ. ಕೆಳಗೆ ಹೊಳೆ ಇನ್ನೊಂದು ಬದಿಯಿಂದ ಬಳಸಿ ಬಂದು ಮಬ್ಬಿನಲ್ಲಿ ಮಿನುಗುತ್ತಿತ್ತು. ಆಚೆ ದಂಡೆಯಲ್ಲಿ ಅಲ್ಲಲ್ಲಿ ಬೆಂಕಿ ಹೊತ್ತಿಸಿದ್ದರು. ಕುರಿಗಾರರ ಬೆಂಕಿ.

"ದಾಟಿ ಹೋಗ್ಯಾರ್ರಿ," ಎಂದ. "ಆಚೀ ದಂಡೀಗೆ ಬೆಂಕಿ ಹಚ್ಯಾರ. ಮುಗೀತು."

"ಇಳಿಜಾರ ಐತಿ. ಗಾಡಿ ತಾನ ಹೋಗ್ತೈತಿ. ಬಿಡು."

"ಹೋಗಿ ಏನ ಮಾಡೂದ್ರಿ?"

"ಹೊಳಿ ನೋಡೂಣು."

ಮಾಳಪ್ಪ ಬ್ರೇಕಿನ ಮೇಲಿನ ಕಾಲು ಸಡಿಲಿಸಿದ. ಜೀಪು ಮಬ್ಬಿನೊಳಗೆ ಇಳಿಯಿತು. ಆಕಾಶ ಕುಸುಬಿಯ ಹೂವಿನ ಬಣ್ಣಕ್ಕೆ ತಿರುಗಿತ್ತು.

ದಂಡೆ ತಲುಪಿ ದೀಪ ಆರಿಸಿದ. ಉಸುಕಿನ ಮೇಲೆ ಲೆಕ್ಕವಿಲ್ಲದಷ್ಟು ಕಲ್ಲುಗಳು ಕಂಡವು. ಈ ದಂಡೆಯಲ್ಲಿ ಇಷ್ಟು ಕಲ್ಲಿರಲಿಲ್ಲವಲ್ಲ ಎಂದುಕೊಂಡ. ಆಗ ಒಂದು ಕಲ್ಲು ತಲೆ ಎತ್ತಿ ಬ್ಯಾ ಎಂದಿತು.

ಕುರಿಗಳು. ಇಡೀ ಹಿಂಡು ಉಸುಕಿನಲ್ಲಿ ಕಾಲು ಮಡಿಚಿ ಮಲಗಿತ್ತು. ನೀರಿನ ಅಂಚಿನಲ್ಲಿ ಕಂಬಳಿ ಹೊದ್ದ ಒಬ್ಬ ಮನುಷ್ಯ ಬಡಿಗೆ ಊರಿ ನಿಂತಿದ್ದ. ಅವನ ಪಕ್ಕದಲ್ಲಿ ಮೂಟೆ ಹೇರಿದ ಕುದುರೆಯ ಹಗ್ಗ ಹಿಡಿದು ಒಬ್ಬ ಹೆಂಗಸು.

ಆಚೆ ದಂಡೆಯಿಂದ ಯಾರೋ ಕೂಗಿದರು. "ಹಾಲಪ್ಪೋ! ಬರ್ತೀಯೋ, ಅಲ್ಲೇ ಮನಿ ಕಟ್ತೀಯೋ?"

ಕಂಬಳಿಯ ಮನುಷ್ಯ ಆ ಕಡೆ ತಿರುಗಲಿಲ್ಲ. ಅವನು ಜೀಪಿನ ಕಡೆ ನೋಡುತ್ತಿದ್ದ.

ಮಾಳಪ್ಪ ಇಳಿದ. ಕುರಿಗಳ ನಡುವೆ ದಾರಿ ಮಾಡಿಕೊಂಡು ನಡೆದ. ಅವು ಅವನಿಗೆ ಎದ್ದು ದಾರಿ ಬಿಡಲಿಲ್ಲ. ಅವನೇ ಸುತ್ತಿಕೊಂಡು ಹೋಗಬೇಕಾಯಿತು.

"ಬಂದ್ಯಾ?" ಎಂದ ಹಾಲಪ್ಪ.

"ಬಂದ್ನಿ. ಗಾಡಿ ಏರಿನ್ಯಾಗ ನಿಂತಿತ್ತು."

"ಕುರಿ ಇವತ್ತ ನೀರಿಗಿಳಿಯವಲ್ವು," ಎಂದ ಹಾಲಪ್ಪ, ಹೊಳೆಯ ಕಡೆ ನೋಡುತ್ತ. "ಅದಕ್ಕ ನಿಂತೀನಿ."

ಕುದುರೆಯ ಪಕ್ಕದಲ್ಲಿದ್ದ ಹೆಂಗಸು, ಅವನ ಹೆಂಡತಿ ಲಕ್ಕವ್ವ, ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

"ಕುರಿ ಇಳಿಯವಲ್ವಂತ! ಅವು ಇಳಿಯಾಕ ಹೋದ್ರ ಇವ ತಾನ ಬಡಿಗಿ ಅಡ್ಡ ಹಿಡದು ತಿರುವ್ಯಾನ. ಮಂದಿ ಎಲ್ಲಾ ದಾಟಿ ಅಂಬಲಿ ಕುಡದ್ರು. ನಮ್ಮ ಹೊಟ್ಟಿ ಇಲ್ಲೇ ಚುರುಗುಡತೈತಿ."

"ನೀ ಸುಮ್ಕಿರ," ಎಂದ ಹಾಲಪ್ಪ.

"ಸುಮ್ಕ ಇದ್ದದ್ದಕ್ಕ ಇಷ್ಟ ವರ್ಸ ಆತು," ಎಂದಳು ಲಕ್ಕವ್ವ. "ಏನ ಮಾಳಪ್ಪ, ಗಡ್ಡ ಬಿಟ್ಟು ಮುದುಕ ಆಗೀಯಲ್ಲೋ."

"ಹೂನ, ಅತ್ತಿಗಿ."

 ನೀರು ಕಲ್ಲಿನ ಸಂದಿಯಲ್ಲಿ ತನ್ನಷ್ಟಕ್ಕೆ ಗೊಣಗುತ್ತಿತ್ತು.

ಮಾಳಪ್ಪ ತಿರುಗಿ ನೋಡಿದ. ಅಜ್ಜಾರು ಅವನ ಹಿಂದೆ ಬಂದಿರುತ್ತಾರೆ, ಈಗ ಮುಂದೆ ಬಂದು ಒಂದು ಮಾತು ಹೇಳುತ್ತಾರೆ ಎಂದುಕೊಂಡಿದ್ದ. ಅಜ್ಜಾರು ದೂರದಲ್ಲಿ ಉಸುಕಿನ ಮೇಲೆ ಕೂತುಬಿಟ್ಟಿದ್ದರು. ಒಂದು ಮರಿ ಅವರ ಬೆರಳು ಚೀಪುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು.

ಹಾಲಪ್ಪನೂ ಆ ಕಡೆ ನೋಡಿ ಕೈ ಮುಗಿದ. "ಅಜ್ಜಾರ, ಏನರ ಅಪ್ಪಣಿ ಐತೇನ್ರಿ?"

"ನಂದೇನಿಲ್ಲಪಾ," ಎಂದರು ಅಜ್ಜಾರು, ತಲೆ ಎತ್ತದೆ.

ಮಾಳಪ್ಪ ಅಣ್ಣನ ಕಡೆ ತಿರುಗಿದ.

"ಅಣ್ಣಾ, ಅವತ್ತ ಹಿರ್ಯಾರು..." ಎಂದು ಶುರು ಮಾಡಿದ.

ನಿಂತ.

ಹಾಲಪ್ಪ ಕೇಳುತ್ತ ನಿಂತಿದ್ದ. ಅವನ ಮುಖ ಕತ್ತಲಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ಆ ಅರ್ಧ ಥೇಟ್ ಅವ್ವನ ಹಾಗಿತ್ತು.

"ಹಿರ್ಯಾರಲ್ಲ," ಎಂದ ಮಾಳಪ್ಪ. "ನಾನ. ನೀ ಹೊಂಟೀಯಂತ ಗೊತ್ತಿತ್ತು. ಒಂದ ರಾತ್ರಿ ತಡೀರಿ ಅಂತ ನಾ ಅನ್ನಬೇಕಿತ್ತು. ಅನ್ನಲಿಲ್ಲ. ಆ ಮಣ್ಣ ನಿಂದು. ನಾ ಹಾಕಿದ್ನಿ."

ಹಾಲಪ್ಪ ಕಂಬಳಿಯ ಗಂಟನ್ನು ಬಿಚ್ಚಿದ. ಮತ್ತೆ ಕಟ್ಟಿದ. ಮತ್ತೆ ಬಿಚ್ಚಿದ.

"ಆ ರಾತ್ರಿ ಭಾಳ ಮಳಿ," ಎಂದ ಕೊನೆಗೆ. "ಹಳ್ಳ ಸೈತ ಏರಿದ್ವು. ಹಳ್ಳಕ್ಕ ಸಿಕ್ಕು ನಾ ಬರದನ ಇದ್ರೂ ಇರ್ತಿದ್ನೇನೋ. ಅದನ್ನ ನಾ ಯಾರ ಮುಂದೂ ಹೇಳಿಲ್ಲ."

ಲಕ್ಕವ್ವ ಮುಖ ತಿರುಗಿಸಿ ಕುದುರೆಯ ಕುತ್ತಿಗೆ ತಿಕ್ಕತೊಡಗಿದಳು.

"ವರ್ಸಾ ಇಲ್ಲೇ ದಾಟತೀನಿ," ಎಂದ ಹಾಲಪ್ಪ. "ಅವ್ವನ ಮಣ್ಣು ಅಲ್ಲೇ ಐತಿ, ಆ ಜಾಲಿಗಿಡದ ಹಿಂದ. ಒಮ್ಮಿನೂ ಹೋಗಿಲ್ಲ. ಒಬ್ಬಾವನ ಹೋಗಾಕ ಕಾಲ ಏಳೂದಿಲ್ಲೋ, ಮಾಳ್ಯಾ."

ಮಾಳ್ಯಾ ಎಂಬ ಹೆಸರನ್ನು ಮಾಳಪ್ಪ ಎಷ್ಟೋ ವರ್ಷದಿಂದ ಯಾರ ಬಾಯಿಂದಲೂ ಕೇಳಿರಲಿಲ್ಲ.

"ನಾನೂ ಹೋಗಿಲ್ಲಣ್ಣ. ನಡಿ, ಈಗ ಹೋಗೂಣು."

ಹಾಲಪ್ಪ ಒಂದು ಹೆಜ್ಜೆ ಇಟ್ಟ. ಇಟ್ಟು ನಿಂತ. ಹಿಂಡಿನ ಮೇಲೆ ಕಣ್ಣಾಡಿಸಿದ.

"ಬಿಟ್ಟ ಹೆಂಗ ಬರ್ಲಿ? ಕತ್ತಲಾತು. ತ್ವಾಳ ಬಂದು ಕುರಿ ಹೊಡಿಯೂ ಜಾಗಾ ಇದು. ಇಕಿ ಕುದುರಿ ಹಿಡೀಬೇಕು. ಮಂದಿ ಎಲ್ಲಾ ಆಚೀಕ."

ಹಿಂಡಿನ ಅಂಚಿನಲ್ಲಿ ಮಲಗಿದ್ದ ದೊಡ್ಡ ನಾಯಿ ಎದ್ದು ಮೂಗು ಎತ್ತಿ ಗಾಳಿ ನೋಡಿತು. ಹಾಲಪ್ಪ ಬಡಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. 

ಅಜ್ಜಾರು ಮರಿಯ ಬಾಯಿಂದ ಬೆರಳು ಬಿಡಿಸಿಕೊಂಡರು. ಎದ್ದು, ಧೋತರದ ಉಸುಕು ಕೊಡವಿದರು. ಕುರಿಗಳನ್ನು ಸುತ್ತಿಕೊಂಡು ಮೆಲ್ಲಗೆ ಬಂದು ಹಾಲಪ್ಪನ ಮುಂದೆ ಕೈ ಚಾಚಿದರು.

"ಬಡಿಗಿ ಇತ್ತ ಕೊಡು. ಇಬ್ಬರೂ ಹೋಗಿ ಬರ್ರಿ. ನಾಯಿಗಷ್ಟ ಹೇಳಿ ಹೋಗು, ಇವ ಹೊಸಬ ಅಂತ."